ಅರೆ ಗೇಣು

ನನ್ನನ್ನು ನೋಡಲು ಬಂದು, ನೂಕಿ, ಉಪ್ಪಿಟ್ಟು ತಿಂದು ಹೋದವರು ಅಲ್ಲಿಯವರೆಗೆ ಹನ್ನೊಂದು ಜನ. ಹನ್ನೊಂದು ಸಲವೂ ನಮ್ಮ ಬೀದಿಯ ನೂಕುಗಾರ ಕೆಂಚಣ್ಣ ಗೋಡೆಯ ಗೆರೆಗಳ ಪಕ್ಕ ಕೈಕಟ್ಟಿ ನಿಂತು, ಕೆಮ್ಮಿ, "ಸಾಲಲಿಲ್ಲ" ಅಂದಿದ್ದ. ಅಷ್ಟಾದ ಮೇಲೆ ಯಾರೂ ಏನೂ ಕೇಳುವುದಿಲ್ಲ. ಗಂಡಿನ ಕಡೆಯವರು ಕೈ ತೊಳೆಯುತ್ತಾರೆ, ಹೆಣ್ಣಿನ ಕಡೆಯವರು ಎಲೆ ಅಡಿಕೆ ಕೊಡುತ್ತಾರೆ, ಎಲ್ಲರೂ ಸೆಕೆಯ ಬಗ್ಗೆ ಮಾತಾಡುತ್ತಾರೆ.

ನಮ್ಮೂರಿನ ಪದ್ಧತಿ ಇದು. ಹೆಣ್ಣು ತನ್ನ ಮನೆಯ ತೂಗುಮಣೆಯ ಮೇಲೆ ಕೂರುತ್ತಾಳೆ. ಗಂಡು ಹಿಂದೆ ನಿಲ್ಲುತ್ತಾನೆ. ಮಣೆ ಅವನ ಕೈಗೆ ಐದು ಸಲ ಬರುವುದರೊಳಗೆ ಅವನು ನೂಕಬೇಕು. ಅರೆ ಗೇಣಿನ ಎತ್ತರಕ್ಕೆ ತೂಗುತ್ತಿದ್ದ ಮಣೆ ಒಂದೂವರೆ ಗೇಣಿಗೆ ಏರಿದರೆ ಮದುವೆ ಗೊತ್ತಾದಂತೆ. ಏರದಿದ್ದರೆ ನೂಕು ಸಾಲಲಿಲ್ಲ, ಅಷ್ಟೇ. ಹುಡುಗಿ ಮನಸ್ಸಿಲ್ಲದೆ ಕಾಲಿನ ಹೆಬ್ಬೆರಳು ನೆಲಕ್ಕೆ ಊರಿದಳೋ, ಹುಡುಗ ಮನಸ್ಸಿಲ್ಲದೆ ಕೈ ಸಡಿಲ ಬಿಟ್ಟನೋ, ಕೇಳುವಂತಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಬೇಡ ಎನ್ನಿಸಿಕೊಂಡವರು ಯಾರೂ ಇಲ್ಲ. ಒಬ್ಬ ಗಂಡಿಗೆ ಮೂರು ಸಲ ಅವಕಾಶ. ಮೂರನೆಯದೂ ಸಾಲದೆ ಹೋದರೆ ಆ ಎರಡು ಮನೆಗಳ ನಡುವೆ ಆ ಮಾತು ಮತ್ತೆ ಬರಕೂಡದು.

ನಮ್ಮ ಮಣೆಗಳ ವಿಷಯ ಹೊರಗಿನವರಿಗೆ ಹೇಳುವಾಗ ನಾನು ಮಾತನ್ನು ಅಳೆದು ಆಡುತ್ತೇನೆ, ಏಕೆಂದರೆ ಅವರು ನಗುತ್ತಾರೆ. ಮಣೆ ಅರೆ ಗೇಣು ತೂಗುತ್ತದೆ, ಒಂದೂವರೆ ತೂಗುತ್ತದೆ, ಎರಡೂವರೆ, ಮೂರೂವರೆ, ಹೀಗೆ ಮೇಲಕ್ಕೆ. ನಡುವೆ ಏನೂ ಇಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಕಾವಿಯಿಂದ ಎಳೆದ ಗೆರೆಗಳಿರುತ್ತವೆ, ಗೆರೆ ಗೆರೆಗೂ ಒಂದು ಗೇಣು ಅಂತರ. ಮಕ್ಕಳು ತಮಾಷೆಗೆ ನಡುವೆ ಒಂದು ಗೆರೆ ಎಳೆದರೆ ತಾಯಂದಿರು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಒಂದು ಪೂರ್ತಿ ನೂಕು ಕೊಟ್ಟರೆ ಮಣೆ ಒಂದು ಗೆರೆ ಏರುತ್ತದೆ. ಮುಕ್ಕಾಲು ಕೊಟ್ಟರೆ ಏನೂ ಆಗುವುದಿಲ್ಲ, ಮುಕ್ಕಾಲನ್ನು ನಾಲ್ಕು ಸಲ ಕೊಟ್ಟರೂ ಏನೂ ಆಗುವುದಿಲ್ಲ. ಮಣೆ ಏನನ್ನೂ ಕೂಡಿಡುವುದಿಲ್ಲ. ಕೆಂಚಣ್ಣನಂಥ ನೂಕುಗಾರರು ಬೀದಿಗೊಬ್ಬರಿದ್ದಾರೆ. ಒಂದು ನೂಕು ಎಂದರೆ ಎಷ್ಟು ಎಂಬುದು ಅವರ ಅಂಗೈಗೆ ಗೊತ್ತು.

ಮತ್ತೆ, ಯಾವ ಮಣೆಯೂ ನಿಲ್ಲುವುದಿಲ್ಲ. ಅರೆ ಗೇಣು ಎಂಬುದು ಕೆಳಗಿನ ಕೊನೆ. ಆನೆಯಂಥವರು ಕೂತರೂ ಅರೆ ಗೇಣು, ಬೆಕ್ಕು ಮಲಗಿದರೂ ಅರೆ ಗೇಣು, ಬೀಗ ಹಾಕಿದ ಮನೆಯ ಖಾಲಿ ಮಣೆಯೂ ಅರೆ ಗೇಣು. ಕುರ್ಚಿ ಇರಬೇಕಾದಲ್ಲೆಲ್ಲ ನಮ್ಮಲ್ಲಿ ಮಣೆಯೇ. ಅಂಚೆ ಕಚೇರಿಯಲ್ಲಿ ಗುಮಾಸ್ತರು ಮುಂದಕ್ಕೆ ಬಂದಾಗ ಮೊಹರು ಒತ್ತುತ್ತಾರೆ, ಹಿಂದಕ್ಕೆ ಹೋದಾಗ ಉಗುರು ಕಚ್ಚುತ್ತಾರೆ. ಮೊಸರಿನ ಗಡಿಗೆಯನ್ನು ಮಣೆಗೆ ಕಟ್ಟಿಟ್ಟು ಹೋದರೆ ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ. ನಾನು ಬೇರೆ ಊರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಅಲ್ಲಿನ ಪಾರ್ಕಿನಲ್ಲಿ ಒಂದು ಜೋಕಾಲಿ ಅಲ್ಲಾಡದೆ ನೇತಾಡುತ್ತಿರುವುದನ್ನು ಕಂಡು, ಸತ್ತಿದೆ ಎಂದುಕೊಂಡು ಕಾವಲುಗಾರನಿಗೆ ಹೇಳಿಬಂದಿದ್ದೆ.

ಏರಿದ ಮಣೆ ತಾನಾಗಿಯೇ ಇಳಿಯುತ್ತದೆ, ಒಂದು ಸಲಕ್ಕೆ ಒಂದೇ ಗೆರೆ. ಇಳಿಯುವಾಗ ಒಂದು ಬೆಳಕು ಬಿಡುತ್ತದೆ, ಮಾಗಿದ ಹಲಸಿನ ತೊಳೆಯ ಬಣ್ಣದ ಬೆಳಕು. ಎಲ್ಲ ಮನೆಯಲ್ಲೂ ಎಲ್ಲ ಗೆರೆಯಲ್ಲೂ ಅದೇ ಬಣ್ಣ. ಆ ಬೆಳಕು ಇನ್ನೊಂದು ಮಣೆಯ ಮೇಲೆ ಬಿದ್ದರೆ ಆ ಮಣೆ ಒಂದು ಗೆರೆ ಏರಿಬಿಡುತ್ತದೆ. ಅದಕ್ಕೇ ನಾವು ಬೀದಿ ಕಡೆಯ ಕಿಟಕಿಗಳನ್ನು ಮುಚ್ಚಿಟ್ಟಿರುತ್ತೇವೆ. ಪಕ್ಕದ ಮನೆಯವರು ಇಳಿದದ್ದಕ್ಕೆ ನಾವು ಏರಿ, ಒಲೆಯ ಮೇಲಿನ ಹಾಲು ಉಕ್ಕಿ ಹೋದರೆ ಯಾರನ್ನು ಬಯ್ಯುವುದು?

ಯಾವಾಗ ಇಳಿಯುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಒಮ್ಮೊಮ್ಮೆ ರೆಪ್ಪೆ ಹೊಡೆಯುವುದರೊಳಗೆ, ಒಮ್ಮೊಮ್ಮೆ ಅರ್ಧ ದಿನ ಬಿಟ್ಟು. ನನ್ನ ಸಂಕಟವೆಲ್ಲ ಇಲ್ಲಿಂದ ಶುರುವಾದದ್ದು. ನನಗೆ ಒಂಬತ್ತು ವರ್ಷವಿದ್ದಾಗ ಸೋದರಮಾವ ನನ್ನನ್ನು ಮೂರು ನೂಕು ನೂಕಿ, ಮೂರೂವರೆ ಗೇಣಿಗೆ ಏರಿಸಿ, ಏನೋ ನೆನಪಾಗಿ ಪೇಟೆಗೆ ಹೋದ. ಮಣೆ ಇಳಿಯಲೇ ಇಲ್ಲ. ನೆಲಕ್ಕೆ ಕಾಲು ಉಜ್ಜಿ ತಡೆಯೋಣವೆಂದರೆ, ಒಂದು ಪೂರ್ತಿ ಗೆರೆಯಷ್ಟು ತಡೆ ಒಟ್ಟಿಗೆ ಬೀಳದೆ ಮಣೆ ಕೇಳುವುದಿಲ್ಲ. ಧುಮುಕಲು ಧೈರ್ಯವಿಲ್ಲ. ಬೆಳಗಿನ ತಿಂಡಿಯಿಂದ ಸಂಜೆಯ ಕಾಫಿಯವರೆಗೆ ತೂಗಿದೆ. ನನ್ನನ್ನು ಸಾಕಿದ ಚಿಕ್ಕಮ್ಮ ಅಂಬುಜಮ್ಮ ಮೊಸರನ್ನದ ತಟ್ಟೆ ಹಿಡಿದು ಎದುರಿಗೆ ನಿಂತು, ನಾನು ಮುಂದಕ್ಕೆ ಬಂದಾಗಲೆಲ್ಲ ಬಾಯಿಗೆ ಒಂದೊಂದು ತುತ್ತು ಇಟ್ಟಳು. ಕೆಲವು ಮೂಗಿಗೆ ಬಿದ್ದವು. ಅವತ್ತಿನಿಂದ ನಾನು ಯಾವ ಮಣೆಯ ಮೇಲೆ ಕೂತರೂ ನನ್ನ ಬಲಗಾಲಿನ ಹೆಬ್ಬೆರಳು ತಾನಾಗಿ ನೆಲ ಹುಡುಕುತ್ತದೆ. ಹನ್ನೊಂದು ಗಂಡುಗಳೂ ಒಳ್ಳೆಯವರೇ ಇದ್ದರು. ಗರಡಿಮನೆಯ ಪೈಲ್ವಾನನೊಬ್ಬ ಬಂದ ದಿನ ಎರಡೂ ಪಾದ ಊರಬೇಕಾಯಿತು. ನಾನು ಬೇಡ ಎನ್ನುತ್ತಿರಲಿಲ್ಲ. ನನಗೆ ಏರುವುದು ಬೇಡವಾಗಿತ್ತು. ಈ ಎರಡರ ವ್ಯತ್ಯಾಸ ಯಾರಿಗೂ ಹೇಳುವಂತಿರಲಿಲ್ಲ. ಮೂವತ್ತಮೂರು ತುಂಬಿತು.

ಆ ವರ್ಷ ನಾನು ಲೆಕ್ಕ ಕಲಿಸುವ ಶಾಲೆಗೆ ಮಕ್ಕಳ ಕಣ್ಣು ಪರೀಕ್ಷೆ ಮಾಡಲು ನರಹರಿ ಎಂಬವರು ಬಂದರು. ಹೊಳೆಯಾಚೆಯ ಊರಿನವರು, ಕನ್ನಡಕದ ಗಾಜು ತಿಕ್ಕುವ ಕಸುಬು. ಬಸ್ ನಿಲ್ದಾಣದ ಹತ್ತಿರ ಒಂದು ಪುಟ್ಟ ಅಂಗಡಿ ಬಾಡಿಗೆಗೆ ಹಿಡಿದಿದ್ದರು. ಸಾವಕಾಶದ ಮನುಷ್ಯ. ಗಾಜಿನ ಮೇಲೆ ಒಂದು ಸಲ ಕೈಯಾಡಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಂದು ಸಲ ಕೈಯಾಡಿಸುವವರು. ಮಕ್ಕಳದೆಲ್ಲ ಮುಗಿದ ಮೇಲೆ ನನ್ನ ತರಗತಿಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ನೆಲ ನೋಡುತ್ತ, "ಈ ಗುಳಿ ನಿಮ್ಮದಾ ಮೇಡಂ?" ಎಂದು ಕೇಳಿದರು.

ನೆಲದ ಗಾರೆಯಲ್ಲಿ, ನನ್ನ ಮಣೆಯ ಕೆಳಗೆ, ಹೆಬ್ಬೆರಳಿನಗಲದ ಒಂದು ಗುಳಿ ಬಿದ್ದಿತ್ತು. ಹತ್ತು ವರ್ಷ ಅದೇ ಕೋಣೆಯಲ್ಲಿ ಪಾಠ ಮಾಡಿ ನಾನೇ ನೋಡಿರಲಿಲ್ಲ.

ಕಳ್ಳತನ ಸಿಕ್ಕಿಬಿದ್ದಂತಾಯಿತು. ಗಾರೆ ಹಳೆಯದು ಎಂದೆ. ಅವರು ಬಗ್ಗಿ, ಬೆರಳಿಟ್ಟು ಸವರಿ, "ಎಷ್ಟು ನುಣುಪಾಗಿದೆ ನೋಡಿ. ಇಷ್ಟು ಚೆನ್ನಾಗಿ ತಿಕ್ಕೋಕೆ ನನಗೆ ಮೂರು ಥರದ ಪುಡಿ ಬೇಕು" ಅಂದರು. ಹಾಸ್ಯ ಮಾಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿ ಮೆಚ್ಚಿಕೊಂಡಿದ್ದರು. ನನ್ನ ಹೆದರಿಕೆಯನ್ನು ಒಬ್ಬರು ಕೈಯಿಟ್ಟು ಸವರಿ, ಕೆಲಸ ಚೆನ್ನಾಗಿದೆ ಅಂದದ್ದು ಅದೇ ಮೊದಲು. ಆ ತಿಂಗಳು ಚಿಕ್ಕಮ್ಮನ ಕನ್ನಡಕ ನಾಲ್ಕು ಸಲ ರಿಪೇರಿಗೆ ಹೋಯಿತು. ಐದನೆಯ ಸಲ ಚಿಕ್ಕಮ್ಮ ಕನ್ನಡಕವನ್ನು ನನ್ನ ಕೈಗೆ ಕೊಡುವ ಮುಂಚೆ ತಾನೇ ಅದರ ಕಡ್ಡಿ ಮುರಿದು ಕೊಟ್ಟಳು. ಮಾರನೆಯ ವಾರ ನರಹರಿಯವರ ಅಕ್ಕ ಭಾವ ಹೊಳೆ ದಾಟಿ ಮಾತಾಡಲು ಬಂದರು.

ಮೊದಲ ಸಲ ಅವರು ನೂಕುವ ದಿನ ಕಾಲೆತ್ತಿಯೇ ಕೂರುತ್ತೇನೆಂದು ನಾನು ಬೆಳಗಿನಿಂದ ಹೇಳಿಕೊಂಡಿದ್ದೆ. ಅವರ ಕೈ ಬೆನ್ನ ಹಿಂದಿನ ಹಲಗೆಗೆ ತಗುಲಿದ್ದೇ ತಡ, ಹೆಬ್ಬೆರಳು ನೆಲದಲ್ಲಿತ್ತು. ಕೆಂಚಣ್ಣ ಕೆಮ್ಮಿದ. ನಾನು ಆ ಬೆರಳನ್ನು ರಾತ್ರಿ ಊಟಕ್ಕೆ ಕೂತಾಗಲೂ ದುರುಗುಟ್ಟಿ ನೋಡಿದೆ.

ಎರಡನೆಯ ಸಲ ಎರಡೂ ಕಾಲನ್ನು ಸೀರೆಯೊಳಗೆ ಮಡಚಿ, ಚಕ್ಕಳಮಕ್ಕಳ ಹಾಕಿ ಕೂತೆ. ನೆಲ ಬೇಕೆಂದರೂ ಸಿಗುವಂತಿರಲಿಲ್ಲ. ಮಣೆ ಮೊದಲ ಸಲ ಹಿಂದಕ್ಕೆ ಹೋಯಿತು. ಅವರು ಮೆಲ್ಲಗೆ ನೂಕಿದರು, ಮಗುವಿನ ಬೆನ್ನು ತಟ್ಟುವ ಹಾಗೆ. ಎರಡನೆಯ ಸಲ ಮತ್ತೆ ಅಷ್ಟೇ. ಮೂರನೆಯ ಸಲ, ನಾಲ್ಕನೆಯ ಸಲ, ಐದನೆಯ ಸಲ. ಒಂದು ನೂಕನ್ನು ಐದು ಭಾಗ ಮಾಡಿ ಕೊಟ್ಟಿದ್ದರು, ಗಾಜು ತಿಕ್ಕುವವರ ಲೆಕ್ಕ. ನಮ್ಮೂರಿನ ಮೂರು ವರ್ಷದ ಮಗು ಕೂಡ ಮಾಡದ ತಪ್ಪು. ಮಣೆಗೆ ಸುದ್ದಿಯೇ ಮುಟ್ಟಲಿಲ್ಲ.

"ಸಾಲಲಿಲ್ಲ" ಅಂದ ಕೆಂಚಣ್ಣ. ಅವನ ದನಿಯಲ್ಲೂ ಬೇಸರವಿತ್ತು.

ಇನ್ನು ಉಳಿದದ್ದು ಒಂದು. ಅದೂ ಹೋದರೆ ನಾನು ಅವರ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸಬೇಕು. ಆ ಬೀದಿ ಬಿಟ್ಟರೆ ಶಾಲೆಗೆ ಬೇರೆ ದಾರಿಯಿಲ್ಲ. ದಿನಕ್ಕೆ ಎರಡು ಸಲ, ನಿವೃತ್ತಿಯವರೆಗೆ. ಈ ಲೆಕ್ಕ ಹಾಕಿದ ಮೇಲೆ ನಾನು ಮರ್ಯಾದೆ ನೋಡುತ್ತ ಕೂರಲಿಲ್ಲ. ಮಾರನೆಯ ದಿನವೇ ಅಂಗಡಿಗೆ ಹೋಗಿ, ಪದಗಳನ್ನು ಮೊದಲೇ ಜೋಡಿಸಿಕೊಂಡಿದ್ದರಿಂದ, ಒಂದೇ ಉಸಿರಿಗೆ ಹೇಳಿದೆ: ಮೊದಲ ಸಲದ ತಪ್ಪು ನನ್ನದು, ಎರಡನೆಯದು ನಿಮ್ಮದು, ಇಲ್ಲಿ ಸ್ವಲ್ಪ ಸ್ವಲ್ಪ ಎಂಬುದು ನಡೆಯುವುದಿಲ್ಲ, ಕೊಟ್ಟರೆ ಪೂರ್ತಿ ಒಟ್ಟಿಗೆ ಕೊಡಬೇಕು.

ಅವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. "ಗೊತ್ತಾಯ್ತು ಆಮೇಲೆ. ಆದರೆ ಆ ಗುಳಿ ನೋಡಿದೀನಲ್ಲ ನಾನು. ಅಷ್ಟು ವರ್ಷ ನೆಲ ಹಿಡ್ಕೊಂಡು ಕೂತೋರನ್ನ ಒಂದೇ ಏಟಿಗೆ ಎತ್ತಿಬಿಡೋದು ಹ್ಯಾಗೆ?"

"ನೀವು ಎತ್ತಿ," ಅಂದೆ. "ಹೆದರೋದು ನಾನು ನೋಡ್ಕೋತೀನಿ."

ಹೇಳಿದ ಮೇಲೆ ಅಂಗಡಿಯ ಮಣೆಯ ಮೇಲೆ ಕೂತು, ಅರೆ ಗೇಣು ತೂಗಿ, ಒಂದು ಲೋಟ ನೀರು ಕುಡಿದು ಮನೆಗೆ ಬಂದೆ.

ಅವರು ಕೆಂಚಣ್ಣನ ಹತ್ತಿರ ಪಾಠಕ್ಕೆ ಸೇರಿದರು. ದವಸದ ಮಳಿಗೆಯ ಮಣೆಯ ಮೇಲೆ ಒಂದು ರಾಗಿ ಮೂಟೆ ಕೂರಿಸಿ, ಶಾಲೆ ಬಿಡುವ ಹೊತ್ತಿಗೆ ಅಭ್ಯಾಸ. ನನ್ನ ವಿದ್ಯಾರ್ಥಿನಿಯರು ದಿನಾ ನೋಡಿಬಂದು ವರದಿ ಕೊಡುತ್ತಿದ್ದರು. ಮೊದಲ ದಿನ ಮೂಟೆ ಏರಲಿಲ್ಲ ಮಿಸ್. ಎರಡನೆಯ ದಿನ ಮೂಟೆ ಏರಲಿಲ್ಲ ಮಿಸ್, ಆದರೆ ಅವರು ಮೂಟೆಗೆ ಕ್ಷಮೆ ಕೇಳಿದರು. ನಾಲ್ಕನೆಯ ದಿನ ಏರಿತು. ಐದನೆಯ ದಿನ ಖುಷಿಯಲ್ಲಿ ಎರಡು ನೂಕಿನಷ್ಟು ಬಲ ಹಾಕಿದರಂತೆ. ಮಣೆ ತನಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಅವರಿಗೇ ಹಿಂದಿರುಗಿಸಿತು. ಅವರು ಹಾರಿ ಹೋಗಿ ಅವರೆಕಾಳಿನ ಚೀಲಗಳ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಉಳುಕಿತು.

ನೋಡುವ ದಿನ ಮುಂದೂಡುವಂತಿಲ್ಲ. ಮುಂದೂಡಿದರೆ ಸಾಲಲಿಲ್ಲ ಎಂದೇ ಲೆಕ್ಕ.

ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಆಟದ ಬಿಡುವಿನಲ್ಲಿ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ನೋಡುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ. ಐದನೆಯ ತರಗತಿಯ ಇಬ್ಬರು ಹುಡುಗಿಯರು, ಕಡ್ಡಿಯಂಥವರು, ಒಬ್ಬಳು ಮಣೆಯ ಮೇಲೆ, ಒಬ್ಬಳು ಹಿಂದೆ. ಹಿಂದಿನವಳ ಕೈಯಲ್ಲಿ ಪೂರ್ತಿ ನೂಕು ಎಲ್ಲಿಂದ ಬರಬೇಕು? ಆದರೆ ಅವಳು ನೂಕುವ ಗಳಿಗೆಗೆ ಸರಿಯಾಗಿ ಮೇಲಿನವಳು ಕಾಲು ಚಾಚಿ ಜೀಕಿದಳು. ಎರಡು ಅರ್ಧ ಸೇರಿ ಒಂದಾಗಿ ಮಣೆ ಟಕ್ಕನೆ ಏರಿತು. ಇಬ್ಬರೂ ಗುಬ್ಬಚ್ಚಿಗಳಂತೆ ಕಿಚಿಕಿಚಿ ನಕ್ಕರು. ಒಂದು ಚೂರು ಹಿಂದೆ ಮುಂದೆ ಆಗಿದ್ದರೆ ಇಬ್ಬರದೂ ನೀರುಪಾಲು. ಮಕ್ಕಳಿಗೆ ಇದು ಆಟ. ಲಂಗ ಬಿಟ್ಟು ಸೀರೆ ಉಟ್ಟ ಮೇಲೆ ನಮ್ಮೂರಿನಲ್ಲಿ ಹೆಣ್ಣು ಜೀಕುವುದಿಲ್ಲ. ನೋಡಲು ಬಂದ ದಿನವಂತೂ ಜೀಕಿದ್ದನ್ನು ಕೇಳಿದವರೇ ಇಲ್ಲ. ನನ್ನ ಹೆಬ್ಬೆರಳು ಚಪ್ಪಲಿಯೊಳಗೆ ಬೆಚ್ಚಗಾಯಿತು.

ಮಾರನೆಯ ದಿನ ಮಧ್ಯಾಹ್ನ ಮೋಡ ಕವಿದು ನಡುಮನೆ ಮಬ್ಬಾಗಿತ್ತು. ನೋಡುವ ದಿನ ಮಾತ್ರ ಬೀದಿಯ ಕಿಟಕಿಗಳನ್ನೆಲ್ಲ ತೆರೆದಿಡಬೇಕು, ಏರಿದರೆ ಬೀದಿಗೆ ಗೊತ್ತಾಗಲಿ ಎಂದು. ಎದುರು ಮನೆಯ ಸಾವಂತ್ರಮ್ಮ ಕಿಟಕಿ ತೆರೆದು, ತನ್ನ ಮಣೆಯನ್ನು ಅಲ್ಲಿಗೇ ತಿರುಗಿಸಿಕೊಂಡು, ಮೊರದಲ್ಲಿ ಅಕ್ಕಿ ಇಟ್ಟುಕೊಂಡು, ಕಲ್ಲು ಆರಿಸುವ ನೆಪದಲ್ಲಿ ನಮ್ಮ ಮನೆಯನ್ನೇ ನೋಡುತ್ತಿದ್ದಳು. ಅವಳಾಚೆಗೆ ಪ್ರತಿ ಕಿಟಕಿಯಲ್ಲೂ ಒಬ್ಬೊಬ್ಬರು ಅರೆ ಗೇಣು ತೂಗುತ್ತಿದ್ದರು. ನರಹರಿ ಬಂದರು. ಬಲಗೈಗೆ ಅರಿಶಿನದ ಪಟ್ಟು, ಅದರ ಮೇಲೆ ಬಿಳಿ ಬಟ್ಟೆ. ಅವರ ಅಕ್ಕ ಬಾಗಿಲಲ್ಲೇ ನಿಟ್ಟುಸಿರು ಬಿಟ್ಟರು. ಚಿಕ್ಕಮ್ಮ ಆಗಲೇ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದಿಟ್ಟುಕೊಂಡಿದ್ದಳು.

ನಾನು ಕಾಲು ಇಳಿಬಿಟ್ಟು ಕೂತೆ. ಚಿಕ್ಕಮ್ಮನ ಕಣ್ಣು ನನ್ನ ಹೆಬ್ಬೆರಳಿಗೆ ಹೋಯಿತು, ಅಲ್ಲಿಂದ ಮೇಲೆ ನನ್ನ ಮುಖಕ್ಕೆ ಬಂತು. ಇಪ್ಪತ್ತನಾಲ್ಕು ವರ್ಷದಿಂದ ಅವಳಿಗೆ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

ಮಣೆ ಹಿಂದಕ್ಕೆ ಹೋಯಿತು. ಅವರ ಎಡಗೈ ಹಲಗೆಗೆ ತಾಗಿತು. ಒತ್ತಲಿಲ್ಲ, ಎಷ್ಟು ಬಲ ಬೇಕಾದೀತೆಂದು ನೋಡಿದರು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಹಿಂದಕ್ಕೆ ಹೋದಾಗ ನಾನು ತಲೆ ತಿರುಗಿಸದೆ, ತುಟಿ ಅಲ್ಲಾಡಿಸದೆ ಹೇಳಿದೆ: "ಐದನೇದಕ್ಕೆ. ನಾನೂ ಇದೀನಿ."

ನಾಲ್ಕನೆಯ ಸಲ ಅವರ ಕೈ ಹಲಗೆಯ ಮೇಲೆ ಒಂದು ಗಳಿಗೆ ಹೆಚ್ಚು ಹೊತ್ತು ಉಳಿಯಿತು. ಕೇಳಿಸಿತ್ತು.

ಐದನೆಯ ಸಲ ಮಣೆ ಹಿಂದಕ್ಕೆ ಹೋಗಿ, ಹಿಂತಿರುಗುವ ಆ ಅಂಚಿನಲ್ಲಿ, ನಾನು ಸರಪಳಿ ಹಿಡಿದು, ಹೆಬ್ಬೆರಳಿನಿಂದ ನೆಲವನ್ನು ಒದ್ದು, ಎರಡೂ ಕಾಲು ಮುಂದಕ್ಕೆ ಚಾಚಿ ಜೀಕಿದೆ. ಅದೇ ಗಳಿಗೆಗೆ ಅವರ ಎಡಗೈ, ಭುಜ, ಕೊನೆಗೆ ಹಣೆಯೂ ಇರಬೇಕು, ಒಟ್ಟಿಗೆ ಹಲಗೆಗೆ ಬಿದ್ದವು.

ಒಂದೂವರೆ ಗೇಣು. ನಡುವೆ ಏನೂ ಇರಲಿಲ್ಲ. ಅರೆಯಲ್ಲಿದ್ದೆ, ಒಂದೂವರೆಯಲ್ಲಿದ್ದೆ. ಹೊಟ್ಟೆಯೊಳಗಿನದೆಲ್ಲ ಒಂದು ಗೆರೆ ಕೆಳಗೇ ಉಳಿದು, ಆಮೇಲೆ ಓಡಿಬಂದು ನನ್ನನ್ನು ಸೇರಿಕೊಂಡಿತು. ನನ್ನ ಬಾಯಿಂದ ಬಂದ ಸದ್ದು ಐದನೆಯ ತರಗತಿಯದ್ದು.

ನನ್ನ ಕಾಲು ಇನ್ನೂ ಚಾಚಿಕೊಂಡೇ ಇತ್ತು. ಕಣ್ಣಿದ್ದವರಿಗೆಲ್ಲ ಕಾಣುವಂತಿತ್ತು. ನರಹರಿಯವರ ಭಾವ ಏನೋ ಹೇಳಲು ಬಾಯಿ ತೆರೆದರು. ಕೆಂಚಣ್ಣ ಗೆರೆ ನೋಡಿದ, ನನ್ನ ಕಾಲು ನೋಡಿದ, ಕೆಮ್ಮಿದ.

"ಸಾಲ್ತು," ಅಂದ. ಆಮೇಲೆ ಭಾವನವರ ಕಡೆ ತಿರುಗಿ, "ಯಾರದೆಷ್ಟು ಅಂತ ಕೇಳೋ ಪದ್ಧತಿ ನಮ್ಮಲ್ಲಿಲ್ಲ ಸ್ವಾಮೀ. ಸಾಲದೇ ಇದ್ದಾಗ್ಲೂ ಕೇಳಲ್ಲ, ಸಾಲಿದಾಗ್ಲೂ ಕೇಳಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸೆಕೆ ಹೆಚ್ಚಾಯಿತು ಅಂದರು.

ನಾನು ಇಳಿಯುವುದನ್ನು ಕಾಯಲು ಶುರುಮಾಡಿದೆ. ಅರ್ಧ ದಿನವಾದೀತೇ, ಒಂದು ದಿನವಾದೀತೇ ಎಂದು ಹಳೆಯ ಲೆಕ್ಕ ಇನ್ನೇನು ತೆಗೆಯಬೇಕು, ಅಷ್ಟರಲ್ಲಿ ಮಣೆ ಇಳಿಯಿತು. ನಡುಮನೆ ತುಂಬ ಹಲಸಿನ ತೊಳೆಯ ಬಣ್ಣ ತುಂಬಿತು. ಎಲ್ಲರ ಹಲ್ಲು, ಪಾತ್ರೆ, ಚಿಕ್ಕಮ್ಮನ ಕನ್ನಡಕ, ಎಲ್ಲ ಒಂದು ಸಲ ಹೊಳೆದವು. ಬೆಳಕು ಕಿಟಕಿ ದಾಟಿ ಸಾವಂತ್ರಮ್ಮನ ಮೇಲೆ ಬಿತ್ತು. ಅವಳು ಮೊರದ ಸಮೇತ ಒಂದೂವರೆಗೆ ಏರಿದಳು, ಅಕ್ಕಿ ಮಲ್ಲಿಗೆಯಂತೆ ಬೀದಿಗೆ ಚೆಲ್ಲಿತು, ನನ್ನನ್ನು ಬಯ್ಯಲು ಬಾಯಿ ತೆರೆದವಳು ಅಷ್ಟರಲ್ಲೇ ಇಳಿದು ಆಚೆ ಮನೆಯ ಸಾಬರ ತಾತನನ್ನು ಏರಿಸಿದಳು. ತಾತ ಟೋಪಿ ಹಿಡಿದುಕೊಂಡು ದರ್ಜಿ ಅಂಗಡಿಗೆ ಬೆಳಕು ದಾಟಿಸಿದ. ದರ್ಜಿ ಅಂಚೆ ಕಚೇರಿಗೆ, ಗುಮಾಸ್ತರು ಮೊಹರನ್ನು ತಮ್ಮ ಹಣೆಗೇ ಒತ್ತಿಕೊಂಡು ಕೊನೆಯ ಮನೆಗೆ. ಬೀದಿಯುದ್ದಕ್ಕೂ ಒಂದೊಂದು ಕಿಟಕಿಯಲ್ಲಿ ಬೆಳಕು ಹತ್ತಿ ಆರಿ, ಹತ್ತಿ ಆರಿ ಹೋಗುತ್ತಿತ್ತು. ಒಂದೊಂದು ಕಿಟಕಿಯಿಂದಲೂ ಒಂದೊಂದು ಥರದ ನಗು. ಇಷ್ಟು ಜನರ ಅರೆ ಗೇಣು ಒಟ್ಟಿಗೆ ಕಂಡದ್ದು ನನಗೆ ಅವತ್ತೇ. ನಾನೊಬ್ಬಳೇ ನಡುಗುತ್ತೇನೆ ಎಂದುಕೊಂಡಿದ್ದೆನಲ್ಲ, ಈ ಊರಿನಲ್ಲಿ ಪೂರ್ತಿ ಅಲ್ಲಾಡದೆ ಕೂತವರನ್ನು ನಾನು ಎಂದಾದರೂ ನೋಡಿದ್ದೆನೇ?

"ಕೂತ್ಕೊಳ್ಳಿ," ಎಂದು ನರಹರಿಯವರಿಗೆ ಹೇಳಿದೆ. ಗೊತ್ತಾದ ಮೇಲೆ ಗಂಡು ಪಕ್ಕದಲ್ಲಿ ಕೂರಬಹುದು. ಅವರು ಉಳುಕಿದ ಕೈಯನ್ನು ಎದೆಗೆ ಹಿಡಿದು, ಚಲಿಸುವ ಮಣೆಗೆ ಎರಡು ಸಲ ತಪ್ಪಿ, ಮೂರನೆಯ ಸಲ ಕೂತರು. ಅವರ ಹಣೆಯ ಮೇಲೆ ಹಲಗೆಯ ಅಚ್ಚು ಬಿದ್ದಿತ್ತು. ಏನಾದರೂ ಹೇಳಬೇಕೆಂದು ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಅಷ್ಟರಲ್ಲಿ ಬೀದಿಯ ಕೊನೆ ಮುಟ್ಟಿದ ಬೆಳಕು ಈ ಬದಿಯ ಮನೆಗಳನ್ನು ಹಿಡಿದುಕೊಂಡು ಹಿಂದಿರುಗಿ ಬಂತು. ಹತ್ತಿ ಆರಿ, ಹತ್ತಿ ಆರಿ, ಪಕ್ಕದ ಮನೆಯ ಕಿಟಕಿಯಿಂದ ನೇರ ನಮ್ಮ ಮೇಲೆ.

ಯಾರೂ ನೂಕದೆ ನಾವು ಏರಿದೆವು.

ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ನೆಲ ಹುಡುಕಿತು. ಸಿಕ್ಕಿದ್ದು ಅವರ ಪಾದ. ಅಲ್ಲೇ ಊರಿತು. ಆ ಸಲ ಮಣೆ ಬೇಗ ಇಳಿಯಲಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ನಾನು ಗಡಿಯಾರ ನೋಡಲಿಲ್ಲ. ಇದು ಆಮೇಲೆ ಕೆಂಚಣ್ಣ ಹೇಳಿದ ಲೆಕ್ಕ. ಚಿಕ್ಕಮ್ಮ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿ, ಉಪ್ಪಿಟ್ಟು ಆರಿಹೋಗುತ್ತದೆ ಎಂದು ಗೊಣಗಿಕೊಂಡು ಒಳಗೆ ಹೋದಳು. ತಟ್ಟೆ ಹಿಡಿದು ಬಂದು ನಮ್ಮೆದುರಿಗೆ ನಿಂತಳು. ನಾವು ಮುಂದಕ್ಕೆ ಬಂದಾಗ ನನಗೊಂದು ತುತ್ತು, ಮತ್ತೆ ಬಂದಾಗ ಅವರಿಗೊಂದು ತುತ್ತು. ಅವರಿಗೆ ಕೊಟ್ಟದ್ದರಲ್ಲಿ ಕೆಲವು ಮೂಗಿಗೆ ಬಿದ್ದವು.